ಅಂಜಿಕೆಯನ್ನು ಸೇರಿನಲ್ಲಿ ಅಳೆಯುವ ಕರೆಮ್ಮ

ಬೆಳಗಿನ ಐದೂವರೆ. ಸಿಂಧನೂರಿನ ಶಾಂತಲಿಂಗೇಶ್ವರ ಧರ್ಮಾರ್ಥ ಕಣ್ಣಿನ ದವಾಖಾನೆಯ ಪಡಸಾಲೆಯಲ್ಲಿ ಹನ್ನೊಂದು ಜನ ಗೋಡೆಗೆ ಬೆನ್ನು ಕೊಟ್ಟು ಸಾಲಾಗಿ ಕುಳಿತಿದ್ದಾರೆ. ಜನವರಿಯ ಚಳಿಗೆ ಕಂಬಳಿ ಹೊದ್ದವರು, ಸೆರಗು ಹೊದ್ದವರು, ಟವೆಲನ್ನೇ ಕಿವಿಗೆ ಸುತ್ತಿಕೊಂಡವರು. ಎಲ್ಲರ ಕಣ್ಣಲ್ಲೂ ಪೊರೆ, ಎಲ್ಲರ ಮಡಿಲಲ್ಲೂ ಒಂದೊಂದು ಜೋಳದ ಗಂಟು. ಇವತ್ತು ಮಂಗಳವಾರ, ಆಪರೇಷನ್ನಿನ ದಿನ.

ಆಯಾ ಕರೆಮ್ಮ ಮೊದಲನೆಯ ಅಜ್ಜನ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಾರೆ. ವಯಸ್ಸು ಐವತ್ತೇಳು, ಕೂರುವಾಗ ಮೊಣಕಾಲು ಲಟಕ್ಕೆನ್ನುತ್ತದೆ. ಹಿತ್ತಾಳೆಯ ಹಳೆಯ ಸೇರೊಂದನ್ನು ಅಜ್ಜನ ಪಾದಗಳ ನಡುವೆ ಇಟ್ಟು, ಅವನ ಬಲಗೈ ಹಿಡಿದು ಅದರ ಬಾಯಂಚಿನ ಮೇಲೆ ಇಡುತ್ತಾರೆ. ಅಜ್ಜನ ಬೆರಳು ಒಳಗಿಳಿದು, ತಳ ಮುಟ್ಟಿ, ಸುತ್ತು ಹಾಕಿ ಮೇಲೆ ಬರುತ್ತದೆ. ಕಣ್ಣು ಕಾಣದಿದ್ದರೇನು, ಅರವತ್ತು ವರ್ಷ ಸೇರು ಹಿಡಿದ ಕೈ ಅದು.

"ಅಂಜಿಕಿ ಎಷ್ಟೈತೋ ಅಷ್ಟು ಜ್ವಾಳ ಸುರುವ್ರಿ, ಯಪ್ಪಾ. ಬಾಯಿ ಮಾತ್ರ ಬಿಡಬ್ಯಾಡ್ರಿ" ಎನ್ನುತ್ತಾರೆ ಕರೆಮ್ಮ.

ಅಜ್ಜ ತನ್ನ ಗಂಟು ಬಿಚ್ಚಿ, ಬೊಗಸೆಯಿಂದ ಮೆಲ್ಲಗೆ ಸುರಿಯುತ್ತಾನೆ. ಸೇರಿನ ಕಾಲು ಭಾಗಕ್ಕೆ ಕೈ ನಿಲ್ಲುತ್ತದೆ. ಕರೆಮ್ಮ ಒಳಗೆ ಬೆರಳಾಡಿಸಿ ನೋಡಿ, ಹಿಂದೆ ರಿಜಿಸ್ಟರ್ ಹಿಡಿದು ನಿಂತ ಕಂಪೌಂಡರ್ ಹುಸೇನ್‌ಸಾಬರಿಗೆ "ಪಾವು" ಎಂದು ಹೇಳುತ್ತಾರೆ. ಜೋಳವನ್ನು ಒಂದು ಕಾಳೂ ಬಿಡದಂತೆ ಅಜ್ಜನ ಗಂಟಿಗೇ ವಾಪಸ್ಸು ಸುರಿದು ಮುಂದಿನವರ ಕಡೆ ಸರಿಯುತ್ತಾರೆ. ದೊಡ್ಡ ದೊಡ್ಡ ಪಟ್ಟಣದ ಆಸ್ಪತ್ರೆಗಳಲ್ಲಿ ರೋಗಿಯ ನಾಡಿ ಅಳೆಯುತ್ತಾರೆ, ರಕ್ತ ಅಳೆಯುತ್ತಾರೆ. ಇಲ್ಲಿ ಅಂಜಿಕೆ ಅಳೆಯುತ್ತಾರೆ, ಅದೂ ಸೇರಿನಲ್ಲಿ.

ಲೆಕ್ಕ ಬಹಳ ಸರಳ. ತಳದಲ್ಲಿ ಒಂದು ಹಿಡಿ ಬಿದ್ದರೆ ಅಂಜಿಕೆ ಇಲ್ಲವೆಂದೇ ಅರ್ಥ. ಖಾಲಿ ಸೇರು ಇಡುವುದು ಈ ಕಡೆ ಒಳ್ಳೆಯದಲ್ಲ, ಧೈರ್ಯವಂತರೂ ಒಂದು ಹಿಡಿ ಹಾಕಿಯೇ ಹಾಕುತ್ತಾರೆ. ಪಾವು, ಅಂದರೆ ಕಾಲು ಸೇರು ಬಂದರೂ ಚಿಂತೆಯಿಲ್ಲ. ಅಚ್ಚೇರು, ಅಂದರೆ ಅರ್ಧ ಸೇರು ತುಂಬಿದರೆ ಪಕ್ಕದಲ್ಲಿ ಕೂತು ಮಾತಾಡಬೇಕು. ಅದಕ್ಕೂ ಮೇಲೆ ಹೋದರೆ ಅವತ್ತು ಆಪರೇಷನ್ನೇ ಇಲ್ಲ. ಡಾಕ್ಟರ್ ಜಂಬಣ್ಣನವರ ಈ ಕಟ್ಟಳೆಯನ್ನು ಟ್ರಸ್ಟಿನ ಅಧ್ಯಕ್ಷರು ಬಂದರೂ ಮುರಿಯುವಂತಿಲ್ಲ.

ಕಟ್ಟಳೆಗೆ ಕಾರಣವಿದೆ. ಪೊರೆ ತೆಗೆಯುವಾಗ ರೋಗಿಗೆ ಮಂಪರು ಇರುವುದಿಲ್ಲ. ಕಣ್ಣಿನ ಪಕ್ಕ ಒಂದು ಸೂಜಿ, ಅಷ್ಟೆ. ಮುಖದ ಮೇಲೆ ತೂತಿರುವ ಅರಿವೆ ಹೊದಿಸಿ, ತಲೆಯ ಎರಡೂ ಪಕ್ಕ ಉಸುಕಿನ ಚೀಲ ಇಟ್ಟು ಇಪ್ಪತ್ತು ನಿಮಿಷದ ಕೆಲಸ. ಆ ಇಪ್ಪತ್ತು ನಿಮಿಷದಲ್ಲಿ ಹೆದರಿ ಒಮ್ಮೆ ಕೊಸರಿದರೆ, ಒಮ್ಮೆ ಬಿಗಿಯಾಗಿ ರೆಪ್ಪೆ ಅಮುಕಿದರೆ ಕಣ್ಣಿನ ಒಳಗಿನದೆಲ್ಲ ಹೊರಗೆ ಬಂದು ಕಣ್ಣೇ ಹೋಗುತ್ತದೆ. ಹೆದರಿದವರು ಯಾರೆಂದು ಮೇಜಿನ ಮೇಲೆ ಮಲಗಿಸುವ ಮೊದಲೇ ತಿಳಿಯಬೇಕು.

ಸಾಲಿನ ಕೊನೆಯಲ್ಲಿ ದಢೇಸುಗೂರಿನ ಕನಕಮ್ಮ. ಭತ್ತದ ನಾಟಿ, ಕಳೆ ಎಂದು ಕೂಲಿ ಮಾಡಿಯೇ ಬೆನ್ನು ಬಾಗಿದ ಹೆಂಗಸು. ಎಡಗಣ್ಣು ಎಂಟು ವರ್ಷದ ಹಿಂದೆ ಇದೇ ದವಾಖಾನೆಯಲ್ಲಿ ಹೋಗಿದೆ. ಉಳಿದ ಬಲಗಣ್ಣಿಗೂ ಈಗ ಪೊರೆ ಕಟ್ಟಿದೆ. ಮಗಳು ಗ್ಯಾನಮ್ಮ ಅತ್ತು ಕರೆದು ಮಾಡಿ ಕರೆತಂದಿದ್ದಾಳೆ. ಕರೆಮ್ಮ ತಾಯಿಯ ಮುಂದೆ ಕೂತು ಸೇರಿಡುತ್ತಾರೆ. ಕನಕಮ್ಮ ಗಂಟು ಬಿಚ್ಚಿ ಸುರಿಯತೊಡಗುತ್ತಾರೆ. ಪಾವು ದಾಟಿತು, ಅಚ್ಚೇರು ದಾಟಿತು, ಸೇರು ತುಂಬಿ ತಲೆಗಟ್ಟಿ, ಜೋಳ ನೆಲಕ್ಕೆ ಉದುರಿದರೂ ಕೈ ನಿಲ್ಲುವುದಿಲ್ಲ. ಗಂಟು ಬರಿದಾದ ಮೇಲೆ ಕನಕಮ್ಮ ಬರಿಗೈಯನ್ನು ಸೇರಿನ ಮೇಲೆ ಹಾಗೆಯೇ ಹಿಡಿದು ಕೂರುತ್ತಾರೆ. ಹುಸೇನ್‌ಸಾಬರು ತಾವೇ 'ಸೇರಿಗೂ ಮೇಲೆ' ಎಂದು ಬರೆದುಕೊಳ್ಳುತ್ತಾರೆ.

ಕರೆಮ್ಮ ಸಾಲಗುಂದದವರು. ತಂದೆ ಗ್ಯಾನಪ್ಪ ಸುಗ್ಗಿಯಲ್ಲಿ ಊರೂರ ಕಣಕ್ಕೆ ಹೋಗಿ ರಾಶಿ ಅಳೆದು ಕೊಡುತ್ತಿದ್ದ. ಅಳೆಯುವಾಗ ಕಣದಲ್ಲಿ ಯಾರೂ ತುಟಿ ಪಿಟಕ್ಕೆನ್ನುವಂತಿಲ್ಲ. ಗೌಡನಿರಲಿ, ಆಳಿರಲಿ, ಕೂಸು ಅತ್ತರೂ ತಾಯಿ ಎತ್ತಿಕೊಂಡು ಆಚೆ ಹೋಗಬೇಕು. ಗ್ಯಾನಪ್ಪನೊಬ್ಬನ ದನಿ ಮಾತ್ರ ಕೇಳುತ್ತದೆ. ಮೊದಲ ಸೇರಿಗೆ 'ಒಂದು' ಎನ್ನದೆ 'ಲಾಭ' ಎನ್ನುತ್ತಾನೆ, ಆಮೇಲೆ ಎರಡು, ಮೂರು. ರಾಶಿ ಲಕ್ಷ್ಮಿ, ಅವಳೆದುರು ಸುಳ್ಳು ಅಳೆದವನ ಮನೆ ಉದ್ಧಾರವಾಗುವುದಿಲ್ಲ ಎಂಬುದು ಈ ಸೀಮೆಯ ನಂಬಿಕೆ.

"ನಮ್ಮಪ್ಪ ಲಾಭ ಅಂತಿದ್ದ. ನಾ ಏನೂ ಅನ್ನಂಗಿಲ್ರಿ, ಸುಮ್ಮ ಅಳೀತೀನಿ. ಅಂಜಿಕ್ಯಾಗ ಎಂಥಾ ಲಾಭ?" ಎಂದು ಕರೆಮ್ಮ ನಗುತ್ತಾರೆ.

ಗಂಡ ಮುದುಕಪ್ಪ ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡುತ್ತಿದ್ದ. ಒಂದರ ಮೇಲೊಂದು ಒಟ್ಟಿದ ಚೀಲದ ಥಪ್ಪಿ ಕುಸಿದು ಅವನು ತೀರಿಕೊಂಡ ವರ್ಷವೇ, ಎಪ್ಪತ್ತೊಂಬತ್ತರಲ್ಲಿ, ಕರೆಮ್ಮ ಈ ದವಾಖಾನೆಗೆ ಕಸ ಗುಡಿಸಲು ಬಂದರು. ಗುಡಿಸುವ ಕೆಲಸ ಈಗಲೂ ತಪ್ಪಿಲ್ಲ. ನಾಲ್ಕಕ್ಕೆ ಎದ್ದು ನೀರು ಕಾಯಿಸುವುದು, ಮೂವತ್ತು ಮಂಚದ ಹಾಸಿಗೆ ಬದಲಿಸುವುದು, ಕಣ್ಣು ಕಟ್ಟಿದವರನ್ನು ಕೈಹಿಡಿದು ಹೊರಕಡೆಗೆ ಕರೆದೊಯ್ಯುವುದು, ಪಟ್ಟಿ ತೊಳೆಯುವುದು. ಇದರ ನಡುವೆ ಅಳತೆ. ಚಳಿಗಾಲದಲ್ಲಿ ಮಂಗಳವಾರ, ಶುಕ್ರವಾರ ಹತ್ತು ಹನ್ನೆರಡು ಜನ. ಉಳಿದ ಕಾಲದಲ್ಲಿ ವಾರಕ್ಕೆ ನಾಲ್ಕೈದು. ಹನ್ನೆರಡು ವರ್ಷದಲ್ಲಿ ಆರು ಸಾವಿರ ಜನರ ಅಂಜಿಕೆ ಈ ಒಂದು ಸೇರಿನಲ್ಲಿ ಬಿದ್ದು ಎದ್ದಿದೆ ಎಂದು ಹುಸೇನ್‌ಸಾಬರ ಏಳು ರಿಜಿಸ್ಟರುಗಳು ಹೇಳುತ್ತವೆ. ಕರೆಮ್ಮನಿಗೆ ಓದು ಬರಹವಿಲ್ಲ.

ಇದು ಶುರುವಾದ ಕತೆ ಮಜವಾಗಿದೆ. ಲಿಂಗಸುಗೂರಿನ ವ್ಯಾಪಾರಸ್ಥರ ಮನೆಯ ಜಂಬಣ್ಣನವರು ಎಂಬತ್ತೆರಡರಲ್ಲಿ ಇಲ್ಲಿಗೆ ಡಾಕ್ಟರಾಗಿ ಬಂದಾಗ ಹುಬ್ಬಳ್ಳಿಯಿಂದ ಒಂದು ಹೊಸ ಕಾಗದ ತಂದಿದ್ದರು. ಅದರಲ್ಲಿ ಒಂದು ಉದ್ದ ಗೆರೆ. ಆ ತುದಿಗೆ ಸೊನ್ನೆ, ಈ ತುದಿಗೆ ಹತ್ತು. ಎಷ್ಟು ಭಯವೋ ಅಲ್ಲಿ ರೋಗಿ ಗುರುತು ಹಾಕಬೇಕು. ವಿದ್ಯೆ ದೊಡ್ಡದೇ, ಆದರೆ ರೋಗಿಗೆ ಕಾಗದವೇ ಕಾಣುವುದಿಲ್ಲ! ಸರಿ, ಬಾಯಿಮಾತಿನಲ್ಲಿ ಕೇಳಿದರು. "ಹತ್ತರಾಗ ಎಷ್ಟು ಅಂಜಿಕಿ?" ಎಂದರೆ ಒಬ್ಬ "ದೇವರಿಗೆ ಗೊತ್ತು ಸಾಹೇಬ್ರ" ಎಂದ. ಇನ್ನೊಬ್ಬ, ಹೆಚ್ಚು ಹೇಳಿದರೆ ಪಾಸಾದೀತೆಂದು, "ಹತ್ತಕ್ಕ ಹನ್ನೊಂದು ಬರಕೋರಿ" ಎಂದ. ಉಳಿದವರೆಲ್ಲ ಬಾಯಿ ಬಿಟ್ಟರೆ ಬಣ್ಣಗೇಡು ಎಂದು ತುಟಿ ಹೊಲಿದುಕೊಂಡರು. ಅಂಜಿಕೆಯನ್ನು ಬಾಯಲ್ಲಿ ಆಡಿದರೆ ಅದು ಬೆನ್ನು ಹತ್ತುತ್ತದೆ ಎಂಬ ಮಾತೂ ಇಲ್ಲಿದೆ. ಅತ್ತ ಮೇಜಿನ ಮೇಲೆ ನೂರರಲ್ಲಿ ಏಳೆಂಟು ಜನ ಕೊಸರುತ್ತಲೇ ಇದ್ದರು.

ಪಡಸಾಲೆ ಗುಡಿಸುತ್ತಿದ್ದ ಕರೆಮ್ಮ ಒಂದು ವಾರ ಇದನ್ನೆಲ್ಲ ಕೇಳಿದರು, ಆಮೇಲೆ ತಡೆಯಲಾಗಲಿಲ್ಲ. "ಸಾಹೇಬ್ರ, ಇವರ ಬಾಯಿ ಕೇಳಬ್ಯಾಡ್ರಿ, ಕೈ ಕೇಳ್ರಿ" ಎಂದು ಮರುದಿನ ಅಪ್ಪನ ಸೇರು ತಂದೇಬಿಟ್ಟರು. ಜಂಬಣ್ಣನವರು ನಕ್ಕರು; ಆದರೂ ಒಂದು ದಿನ ಮಾಡಿ ನೋಡೋಣ ಎಂದರು. ಕಣದ ಮೌನವನ್ನು ಹುಟ್ಟಿದಾಗಿನಿಂದ ಬಲ್ಲ ಜನ, ಸೇರು ಮುಂದೆ ಬಂದ ಕೂಡಲೇ ಬಾಯಿ ಮುಚ್ಚಿದರು, ಕೈ ಬಿಚ್ಚಿದರು. ಕೈ ಸುಳ್ಳು ಹೇಳಲಿಲ್ಲ.

ಸುಳ್ಳು ಹೇಳಲಿಲ್ಲ ಎಂದು ಎಲ್ಲರೂ ನಾಲ್ಕು ವರ್ಷ ನಂಬಿದ್ದರು. ಆಗೆಲ್ಲ ಜೋಳ ದವಾಖಾನೆಯದು, ಒಂದು ಡಾಲ್ಡಾ ಡಬ್ಬಿಯಲ್ಲಿ ತುಂಬಿಟ್ಟದ್ದು. ಎಂಬತ್ತನಾಲ್ಕರಲ್ಲಿ ಮಸ್ಕಿಯ ಕಿರಾಣಿ ಅಂಗಡಿಯ ಕರಿಬಸಯ್ಯ ಬಂದು ಕೂತವರು ಸೇರಿಗೆ ಶಿಖರವಿಟ್ಟಂತೆ ತಲೆಗಟ್ಟಿ ಸುರಿದರು. ಅಂಜಿಕೆ ವಿಪರೀತವೆಂದು ಆಪರೇಷನ್ ಮುಂದಕ್ಕೆ ಹಾಕಿದಾಗ ಅಯ್ಯನವರು ಕೆಂಡವಾದರು. "ನನಗೆಂಥಾ ಅಂಜಿಕಿ? ಧರ್ಮದ ದವಾಖಾನ್ಯಾಗ ಕೊರತಿ ಅಳತಿ ಮಾಡಿದ್ರ ನಾಳೆ ಮಂದಿ ಏನಂದಾರು?" ಎಂದು ಕೂಗಾಡಿದರು. ಅಂಗಡಿಯಲ್ಲಿ ಅಂಗೈಯಿಂದ ಗೀರಿ ಗೀರಿ ಅಳೆಯುವ ಅಯ್ಯ ಮಂದಿಯ ಜೋಳವೆಂದರೆ ಕರ್ಣನಾಗುತ್ತಾರೆ ಎಂದು ದವಾಖಾನೆಯವರೆಲ್ಲ ವಾರಗಟ್ಟಲೆ ನಕ್ಕರು. ನಗುವ ಬದಲು ಯೋಚಿಸಿದ್ದರೆ ಕನಕಮ್ಮನ ಕಣ್ಣು ಉಳಿಯುತ್ತಿತ್ತು.

ಎಂಬತ್ತಾರರ ಡಿಸೆಂಬರಿನಲ್ಲಿ ಕನಕಮ್ಮ ಮೊದಲ ಸಲ ಬಂದು, ಆ ಡಬ್ಬಿಯಿಂದ ಒಂದೇ ಒಂದು ಹಿಡಿ ಹಾಕಿ ಕೈ ತೆಗೆದರು. "ಹಿಡಿ" ಎಂದು ಕರೆಮ್ಮ ಹೇಳಿದರು, ಹುಸೇನ್‌ಸಾಬರು ಬರೆದರು, ಡಾಕ್ಟರು ನಿಶ್ಚಿಂತೆಯಿಂದ ಕೈ ಹಚ್ಚಿದರು. ಅರ್ಧ ಕೆಲಸದಲ್ಲಿ ಕನಕಮ್ಮ ಕಿರುಚಿ, ಎರಡೂ ಕೈಯಿಂದ ಮುಖದ ಮೇಲಿನ ಅರಿವೆ ಕಿತ್ತೆಸೆದರು. ಕಣ್ಣು ಹೋಯಿತು.

ತಿಂಗಳಾದ ಮೇಲೆ ಕರೆಮ್ಮ ಬಸ್ಸು ಹತ್ತಿ ದಢೇಸುಗೂರಿಗೆ ಹೋದರು. ಬೈಯಿಸಿಕೊಳ್ಳಲೆಂದೇ ಹೋಗಿದ್ದರು, ಕನಕಮ್ಮ ಬೈಯಲಿಲ್ಲ. ಅಷ್ಟು ಅಂಜಿಕೆ ಇಟ್ಟುಕೊಂಡು ಒಂದೇ ಹಿಡಿ ಯಾಕೆ ಹಾಕಿದೆ ಎಂದು ಕೇಳಿದ್ದಕ್ಕೆ ಕೊಟ್ಟ ಉತ್ತರವನ್ನು ಕರೆಮ್ಮ ಇವತ್ತಿಗೂ ಅಕ್ಷರ ತಪ್ಪದೆ ಹೇಳುತ್ತಾರೆ: "ಮಂದಿ ಜ್ವಾಳ ಅದು ಯಕ್ಕಾ. ಕೂಲಿ ಮಾಡಾಕಿ ನಾ. ಮಂದಿ ಡಬ್ಬ್ಯಾಗ ಸೇರಗಟ್ಟಲೆ ಕೈ ಹಾಕಾಕ ಬರ್ತೈತೇನು?"

ಕೆಟ್ಟ ಮೇಲೆ ಬುದ್ಧಿ ಬಂತು. ಮರುವಾರದಿಂದಲೇ ಡಬ್ಬಿ ಹೋಯಿತು. ಆಪರೇಷನ್ನಿಗೆ ಬರುವವರು ತಮ್ಮ ಮನೆಯಿಂದ ಎರಡು ಸೇರು ಜೋಳ ತರಬೇಕು, ಅಳೆದು ವಾಪಸ್ಸು ಒಯ್ಯಬೇಕು. ಜೋಳ ಇಲ್ಲದವರಿಗೆ ಭತ್ತವೂ ಆದೀತು, ಸಜ್ಜೆಯೂ ಆದೀತು, ತಮ್ಮದಾಗಿದ್ದರೆ ಸಾಕು. ಇಲಿಗಳ ಕಾಟ ಹೆಚ್ಚಿದಾಗ ಟ್ರಸ್ಟಿನ ದೊಡ್ಡವರೊಬ್ಬರು "ಇದು ದವಾಖಾನಿಯೋ, ಕಣಾನೋ?" ಎಂದು ಗದರಿದ್ದುಂಟು. ಕರೆಮ್ಮ ಸೇರನ್ನು ಸೆರಗಿನೊಳಗೆ ಇಟ್ಟುಕೊಂಡರು. ಡಾಕ್ಟರು ರಿಜಿಸ್ಟರ್ ತೆರೆದು ತೋರಿಸಿದರು: ಮನೆಯ ಜೋಳ ಬಂದಮೇಲೆ ಮೇಜಿನ ಮೇಲೆ ಕೊಸರುವವರು ನೂರಕ್ಕೆ ಒಬ್ಬರಿದ್ದರೆ ಹೆಚ್ಚು. ದೊಡ್ಡವರು ಒಂದು ಇಲಿಬೋನು ಕಳಿಸಿ ಕೈತೊಳೆದುಕೊಂಡರು.

ಮನೆಗೆ ಹೋಗುವ ದಿನ ಇನ್ನೊಂದು ಅಳತೆ. ಇಲ್ಲಿ ಇದ್ದಷ್ಟು ದಿನ ಎಷ್ಟು ತ್ರಾಸಾಯಿತೋ ಅಷ್ಟು ಸುರಿಯಬೇಕು. ಒಂದು ವರ್ಷ ಗಂಡಸರ ಕೋಣೆಯಿಂದ ಬರೀ ಅಚ್ಚೇರು ಬರತೊಡಗಿತು. ಸೂಜಿಯ ತ್ರಾಸಲ್ಲ, ಊಟದ್ದೂ ಅಲ್ಲ. ಎರಡೂ ಕಣ್ಣು ಕಟ್ಟಿಸಿಕೊಂಡವರು ಮೂತ್ರಕ್ಕೆ ಹೋಗಲು ಪರರನ್ನು ಕರೆಯಲು ನಾಚಿ, ತಡೆದುಕೊಂಡು ಮಲಗುತ್ತಿದ್ದರು. ಕರೆಮ್ಮ ಮಂಚದ ಸಾಲಿನಿಂದ ಮೋರಿಯವರೆಗೆ ಒಂದು ತೆಂಗಿನ ಹಗ್ಗ ಬಿಗಿದರು. ಹಗ್ಗ ಹಿಡಿದು ಹೋಗಿ, ಹಗ್ಗ ಹಿಡಿದು ಬರುವುದು. ಮುಂದಿನ ವಾರದಿಂದಲೇ ಅಳತೆ ಇಳಿಯಿತು. ಹಗ್ಗ ಈಗಲೂ ಇದೆ, ಕೈ ತಾಗಿ ತಾಗಿ ನುಣ್ಣಗಾಗಿದೆ.

"ಸೇರು ಎಷ್ಟು ಅಂತ ಹೇಳ್ತದ, ಯಾಕ ಅಂತ ಹೇಳಂಗಿಲ್ಲ. ಯಾಕ ಅನ್ನೋದನ್ನ ಹುಡುಕೋದು ಕರೆಮ್ಮಗs ಗೊತ್ತು. ನನಗ ಇಷ್ಟು ವರ್ಷ ಆದ್ರೂ ಬಂದಿಲ್ಲ" ಎನ್ನುತ್ತಾರೆ ಜಂಬಣ್ಣನವರು.

ಈ ಮಂಗಳವಾರ ಡಾಕ್ಟರು ಕನಕಮ್ಮನ ತುಂಬಿ ಚೆಲ್ಲಿದ ಸೇರು ನೋಡಿ ತಲೆಯಾಡಿಸುತ್ತಾರೆ. "ಇರೋದು ಒಂದs ಕಣ್ಣು. ನಾ ಕೈ ಹಚ್ಚಂಗಿಲ್ಲ ಕರೆಮ್ಮ. ಶುಕ್ರವಾರ ನೋಡೋಣು, ಇಳೀಲಿಲ್ಲ ಅಂದ್ರ ಊರಿಗೆ ಕಳಸು." ಊರಿಗೆ ಕಳಿಸಿದರೆ ಮುಂದಿನ ಮಳೆಗಾಲದ ಹೊತ್ತಿಗೆ ಆ ಕಣ್ಣೂ ಪೂರಾ ಕತ್ತಲೆ. ಕೈಗೆ ಕೈ ತಾಕುವಷ್ಟು ಹತ್ತಿರ ಕೂತ ಗ್ಯಾನಮ್ಮನ ಮುಖವೇ ಈಗ ಆ ತಾಯಿಗೆ ಕಾಣುತ್ತಿಲ್ಲ.

ಕರೆಮ್ಮ ನೆಲಕ್ಕೆ ಬಿದ್ದ ಜೋಳವನ್ನು ಒಂದೊಂದೇ ಆರಿಸಿ ಗಂಟು ಕಟ್ಟಿಕೊಡುತ್ತಾರೆ. ಮಧ್ಯಾಹ್ನ ಕೆಲಸ ಮುಗಿಸಿ ಬೇವಿನ ಮರದ ಕೆಳಗೆ ಕನಕಮ್ಮನ ಪಕ್ಕ ಕೂತು ಎಲೆ ಅಡಿಕೆ ಮಡಚುತ್ತಾರೆ.

"ಸೂಜೀದು ಅಂಜಿಕಿ ಏನು, ತಂಗಿ?"

"ಸೂಜಿಗೆ ಯಾರು ಅಂಜತಾರ. ಚೇಳು ಕಡಿಸಿಗೊಂಡು ನಾಟಿ ಮುಗಿಸೀನಿ."

"ಮತ್ತ ಕಣ್ಣು ಕಿತ್ತು ತಾಟಿನ್ಯಾಗ ಇಟ್ಟು ತೊಳೀತಾರ ಅಂತೇನು? ಸುಳ್ಳದು."

"ಅದೂ ಅಲ್ಲ."

ಎಲೆಯ ರಸ ಆಚೆ ಉಗುಳಿ, ಎಂಟು ವರ್ಷದಿಂದ ಮಗಳಿಗೂ ಹೇಳದ ಮಾತನ್ನು ಕನಕಮ್ಮ ಹೇಳುತ್ತಾರೆ. "ಬಿಳೇ ಅರಿವಿ ಯಕ್ಕಾ. ಮಾರಿಮ್ಯಾಲ ಬಿಳೇ ಅರಿವಿ ಹಾಕಿದ್ರಿ. ನನ್ನ ಗಂಡ, ಗ್ಯಾನಿ ಅಪ್ಪ ಹೋದಾಗ ಅವನ ಮಾರಿಗೆ ಹಿಂಗs ಹೊಚ್ಚಿದ್ರು. ನನಗ ಜೀವ ಇರೋವಾಗs ಹೆಣಾ ಮಾಡಾಕತ್ತಾರ ಅನ್ನಿಸ್ತು."

ಕರೆಮ್ಮ ಸಮಾಧಾನ ಹೇಳಲು ಹೋಗುವುದಿಲ್ಲ. ಅದು ಅವರ ಪದ್ಧತಿಯೇ ಅಲ್ಲ. ಇನ್ನೊಂದು ಪ್ರಶ್ನೆ ಕೇಳುತ್ತಾರೆ. "ಥಂಡ್ಯಾಗ ಮನ್ಯಾಗ ಹೆಂಗ ಮಕ್ಕೊಂತಿ?"

"ಕೌದಿ ಹೊಚ್ಚಿಗೊಂಡು."

"ಮಾರಿಮ್ಯಾಲೂ?"

"ಹೂಂ, ಪೂರಾ. ಇಲ್ಲಂದ್ರ ಸೊಳ್ಳಿ ಬಿಟ್ಟಾವೇನು?"

"ಆವಾಗ ಅಂಜಿಕಿ ಆಗಂಗಿಲ್ಲ?"

"ಅದಕ್ಕೇನು ಅಂಜಿಕಿ? ನಮ್ಮವ್ವನ ಸೀರ್‍ಯಾಗ ಹೊಲದದ್ದು."

ಬುಧವಾರದ ಮೊದಲ ಬಸ್ಸಿಗೆ ಗ್ಯಾನಮ್ಮ ದಢೇಸುಗೂರಿಗೆ ಹೋಗಿ ಕೌದಿ ತರುತ್ತಾಳೆ. ಕರೆಮ್ಮ ಅದರ ಒಂದು ಅಂಚಿನ ಹೊಲಿಗೆ ಬಿಚ್ಚಿ, ಒಳಪದರಿನಿಂದ ಮಾಸಿದ ಹಸಿರು ಸೀರೆಯ ಒಂದು ತುಂಡು ತೆಗೆಯುತ್ತಾರೆ. ಬೂದಿ ನೀರಿನಲ್ಲಿ ಕುದಿಸಿ, ಮೂರು ಸಲ ಒಗೆದು, ನಡುವೆ ಕಣ್ಣಿನಳತೆಯ ತೂತು ಕತ್ತರಿಸಿ ಅಂಚು ಹೊಲಿಯುತ್ತಾರೆ. ಕೇಳಿ ಡಾಕ್ಟರು ಮೊದಲು ಹುಬ್ಬು ಗಂಟಿಕ್ಕುತ್ತಾರೆ. ಆಮೇಲೆ, "ಹಬೀ ಡ್ರಮ್ಮಿನ್ಯಾಗ ಎರಡು ಸಲ ಹಾಕಿ ಶುದ್ಧ ಮಾಡ್ರಿ" ಎಂದಷ್ಟೇ ಹೇಳಿ ಒಳಗೆ ಹೋಗುತ್ತಾರೆ. ಗುರುವಾರ ಇನ್ನೊಂದು ತುಂಡಿನಿಂದ ತಾಲೀಮು ನಡೆಯುತ್ತದೆ. ಬೆಂಚಿನ ಮೇಲೆ ಕನಕಮ್ಮನನ್ನು ಮಲಗಿಸಿ, ಮುಖಕ್ಕೆ ಹಸಿರು ಅರಿವೆ ಹೊದಿಸಿ, ಪಕ್ಕಕ್ಕೆ ಉಸುಕಿನ ಚೀಲ ಇಟ್ಟು ಕರೆಮ್ಮ ಹೆಬ್ಬೆರಳು ಹಿಡಿದು ಕೂರುತ್ತಾರೆ. ಮೊದಲ ಸಲ ಐದು ನಿಮಿಷ. ಎರಡನೆಯ ಸಲಕ್ಕೆ ಕನಕಮ್ಮ ಗೊರಕೆ ಹೊಡೆಯುತ್ತಾರೆ.

ಶುಕ್ರವಾರ ಬೆಳಗಿನ ಐದೂವರೆ. ಮತ್ತೆ ಅದೇ ಪಡಸಾಲೆ, ಅದೇ ಸೇರು. ಕನಕಮ್ಮ ಸುರಿಯುತ್ತಾರೆ. ಪಾವಿಗೆ ಕೈ ನಿಲ್ಲುತ್ತದೆ. ಮತ್ತೆ ಗಂಟಿಗೆ ಕೈ ಹಾಕಿ ಇನ್ನೊಂದು ಹಿಡಿ ಹಾಕುತ್ತಾರೆ. ಅಚ್ಚೇರಿಗೆ ಎರಡು ಬೆರಳು ಕಡಿಮೆ. ಕರೆಮ್ಮನಿಗೆ ಆ ಮೇಲಿನ ಹಿಡಿಯನ್ನು ಕಂಡೇ ಧೈರ್ಯ ಬರುತ್ತದೆ. ಮುಚ್ಚಿಟ್ಟವಳು ಪಾವಿಗೇ ನಿಲ್ಲಿಸುತ್ತಿದ್ದಳು ಎಂದು ಹುಸೇನ್‌ಸಾಬರ ಕಿವಿಯಲ್ಲಿ ಹೇಳುತ್ತಾರೆ. ಆದರೂ ಆಪರೇಷನ್ ಕೋಣೆಯ ಬಾಗಿಲು ಮುಚ್ಚಿದ ಆ ಇಪ್ಪತ್ತು ನಿಮಿಷ ಅವರ ಕೈಯಲ್ಲಿ ಕಸಬರಿಗೆ ನಿಲ್ಲುವುದಿಲ್ಲ. ಗುಡಿಸಿದ ನೆಲವನ್ನೇ ಮತ್ತೆ ಮತ್ತೆ ಗುಡಿಸುತ್ತಾರೆ. ಒಳಗಿನಿಂದ ಕಿರುಚಾಟ ಬರುವುದಿಲ್ಲ. ಬಾಗಿಲು ತೆರೆದು ಹೊರಬಂದ ಡಾಕ್ಟರು, "ಅಲ್ಲಾಡಲಿಲ್ಲ" ಎನ್ನುತ್ತಾರೆ. ಕರೆಮ್ಮ ಕಸಬರಿಗೆಯನ್ನು ಗೋಡೆಗೆ ಒರಗಿಸುತ್ತಾರೆ. ಎಂಟು ವರ್ಷದಿಂದ ಹೊತ್ತ ಭಾರ ಅದು, ಇವತ್ತು ಇಳಿಯಿತು.

ಏನಾದರೂ ಆಸೆ ಇದೆಯೇ ಎಂದರೆ ಕರೆಮ್ಮ ದೊಡ್ಡದೇನನ್ನೂ ಕೇಳುವುದಿಲ್ಲ. "ಎಲ್ಲಾರಿಗೂ ಬಣ್ಣದ ಅರಿವಿ ಮಾಡಸ್ರಿ ಅಂತ ಸಾಹೇಬ್ರಿಗೆ ಹೇಳೀನಿ. ಹಸರಾತು, ನೀಲಿ ಆತು. ಬಿಳೇದು ಬ್ಯಾಡ. ಅಷ್ಟು ಆದ್ರ ಸಾಕು."

ಎಂಟನೆಯ ದಿನ ಕನಕಮ್ಮನ ಪಟ್ಟಿ ಬಿಚ್ಚುತ್ತಾರೆ. ಮೊದಲು ಕಂಡದ್ದು ಬೆಳಕು, ಆಮೇಲೆ ಕಿಟಕಿ, ಆಮೇಲೆ ಮಗಳ ಮುಖ. "ಎಷ್ಟು ಸೊರಗಿ ಬೇ" ಎಂದು ಗ್ಯಾನಮ್ಮನ ಕೆನ್ನೆ ಮುಟ್ಟಿ ಅಳುತ್ತಾರೆ. ಕಣ್ಣಿಗೆ ನೀರು ತರಬಾರದೆಂದು ಕರೆಮ್ಮ ಗದರುತ್ತಾರೆ, ತಾವು ಮಾತ್ರ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಾರೆ.

ಮನೆಗೆ ಹೋಗುವ ಅಳತೆಗೆ ಸೇರು ಮುಂದೆ ಬರುತ್ತದೆ. ಈ ಸಲ ಕನಕಮ್ಮ ಸೇರನ್ನು ಕಣ್ಣಿನಿಂದ ನೋಡುತ್ತಾರೆ, ಎತ್ತಿ ತಿರುಗಿಸಿ ಅದರ ಹಳೆಯ ನಗ್ಗುಗಳನ್ನೂ ನೋಡುತ್ತಾರೆ. ಗಂಟಿನಿಂದ ಒಂದು ಹಿಡಿ ಜೋಳ ತೆಗೆದು ತಳಕ್ಕೆ ಹಾಕಿ ಕೈ ಝಾಡಿಸಿಕೊಳ್ಳುತ್ತಾರೆ. ಕರೆಮ್ಮ ಕಾಯುತ್ತಾರೆ. ಕನಕಮ್ಮ ಗಂಟು ಕಟ್ಟಿ ಏಳುತ್ತಾರೆ.

"ಹಿಡಿ ಅಂತ ಬರೀಲೇನು, ಕರೆಮ್ಮಕ್ಕ?" ಹುಸೇನ್‌ಸಾಬರು ಪೆನ್ನಿನ ಕ್ಯಾಪ್ ತೆಗೆಯುತ್ತಾರೆ.

"ಹಿಡಿ ಅಂತs ಬರಿ" ಎನ್ನುತ್ತಾರೆ ಕರೆಮ್ಮ, ಸೇರಿನಲ್ಲಿ ಬೆರಳಾಡಿಸುತ್ತ. "ಆದ್ರ ಆಕಿ ಅವತ್ತೂ ಹಿಡಿನs ಹಾಕಿದ್ಲು, ಇವತ್ತೂ ಹಿಡಿನs ಹಾಕ್ಯಾಳ. ನಾಳೆ ಓದಿದವರಿಗೆ ಫರಕು ತಿಳೀಬೇಕಲ್ಲ. ಆಕಿ ಮನೀ ಜ್ವಾಳ ಅಂತ ಬಾಜೂಕ ಬರದುಬಿಡು."